ಲೇಬಲ್ ತಂತ್ರಾಂಶದ ಅಳವಡಿಕೆ ಮತ್ತು ಇದುವರೆಗೆ ಯಾರಿಗೂ ತಲುಪದ ಒಂದು ವರದಿ

ಹೊಲಿಗೆ ಘಟಕಗಳ ಒಕ್ಕೂಟದ ಕಚೇರಿ, ರಾಯದುರ್ಗ
ಸಂಖ್ಯೆ: ಹೊಘಒ/ಗಣಕ/ಲೇಬಲ್/11/2018-19

ಸುತ್ತೋಲೆ

ವಿಷಯ: ಲಿನಕ್ಸ್ ಗಣಕಯಂತ್ರದ ಮುಂದೆ ಕೂರುವವರು ಅನುಸರಿಸಬೇಕಾದ ಕ್ರಮಗಳು.

ಉಲ್ಲೇಖ: 1. ಕು. ಸೌಭಾಗ್ಯ ಅವರ ವಿವರಣಾ ಪತ್ರ (ನಾಲ್ಕು ಪುಟ).
2. ಮೇಲ್ವಿಚಾರಕ ಜಂಬಯ್ಯ ಅವರ ಗುಮ್ಮಘಟ್ಟ ಪ್ರವಾಸ ವರದಿ (ಬಾಯಿಮಾತು).

ಕಚೇರಿಯ ಗಣಕಯಂತ್ರ ಕೆಟ್ಟಾಗ ಅದಕ್ಕೆ ಹಳೆಯ ವ್ಯವಸ್ಥೆಯ ಬದಲು ಲಿನಕ್ಸ್ ಹಾಕಿದ ತಂತ್ರಜ್ಞ ಗೋವರ್ಧನ್ ಅವರು, ‘ಎಲ್ಲಾ ಅದರಾಗ ಐತ್ರಿ’ ಎಂದು ಹೇಳಿ ಮರುದಿನವೇ ತಿರುಪ್ಪೂರಿಗೆ ಕೆಲಸಕ್ಕೆ ಹೋಗಿರುತ್ತಾರೆ. ಪರಿಶೀಲಿಸಲಾಗಿ, ಪ್ಯಾಂಟುಗಳ ಸೈಜ್ ಲೇಬಲ್ ಮುದ್ರಿಸುವ ತಂತ್ರಾಂಶ ಅದರಲ್ಲಿ ಇಲ್ಲದಿರುವುದು ಕಂಡುಬಂದಿದೆ. ಆರು ನೂರು ಜೀನ್ಸ್ ಹೊಲಿದು ಮಡಚಿಟ್ಟಿದ್ದು, ಸೋಮವಾರ ಲಾರಿ ಹೊರಡಬೇಕಿತ್ತು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ಕಾಲರ್ ಹೊಲಿದು ಊರಿಗೆ ಮರಳಿ, ಮೂರು ತಿಂಗಳು ಕಂಪ್ಯೂಟರ್ ಕಲಿತು, ಅದೇ ವಾರ ಕೆಲಸಕ್ಕೆ ಸೇರಿದ್ದ ಸೌಭಾಗ್ಯ ಅವರಿಗೆ ತಂತ್ರಾಂಶ ಅಳವಡಿಸುವ ಹೊಣೆ ವಹಿಸಲಾಯಿತು. ತದನಂತರ ನಡೆದುದನ್ನು ಗಮನಿಸಿ, ಎಲ್ಲ ಸಿಬ್ಬಂದಿಗೆ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಅಂತರ್ಜಾಲದಿಂದ ಇಳಿಸಿಕೊಂಡ ಕಡತವನ್ನು ಎರಡು ಬಾರಿ ಒತ್ತಿದರೆ ತಂತ್ರಾಂಶ ತೆರೆಯತಕ್ಕದ್ದು ಎಂಬ ಹಿಂದಿನ ತಿಳಿವಳಿಕೆಯನ್ನು ರದ್ದುಪಡಿಸಲಾಗಿದೆ. ಒತ್ತಿದಾಗ ‘ಇದನ್ನು ಯಾವುದರಲ್ಲಿ ತೆರೆಯಲಿ?’ ಎಂದು ಯಂತ್ರವೇ ಸಿಬ್ಬಂದಿಯನ್ನು ಕೇಳಿರುತ್ತದೆ. ಕೆಟ್ಟ ಕಡತವಿರಬಹುದೆಂದು ಭಾವಿಸಿ ಸೌಭಾಗ್ಯ ಅವರು ಅದನ್ನೇ ಹನ್ನೊಂದು ಸಲ ಇಳಿಸಿಕೊಂಡಿದ್ದು, ಹನ್ನೊಂದೂ ಅದನ್ನೇ ಕೇಳಿವೆ.

2. ಒಂದು ತಂತ್ರಾಂಶಕ್ಕೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು ಬೇಕು, ಮತ್ತೊಂದಕ್ಕೆ ಮೊದಲನೆಯದರ ಹಳೆಯ ಆವೃತ್ತಿ ಬೇಕು ಎಂದು ಯಂತ್ರ ಹೇಳಿದಲ್ಲಿ ಸಿಬ್ಬಂದಿ ಗಾಬರಿಯಾಗತಕ್ಕದ್ದಲ್ಲ. ಮಂಡಲ ಕಚೇರಿಯಲ್ಲಿ ರೇಷನ್ ಕಾರ್ಡ್ ಮಾಡಿಸಿದವರಿಗೆ ಈ ಕುರಿತು ಪ್ರತ್ಯೇಕ ತರಬೇತಿ ಅಗತ್ಯವಿರುವುದಿಲ್ಲ.

3. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಅಕ್ಷರವಾಗಲಿ, ಚುಕ್ಕಿಯಾಗಲಿ ಮೂಡುವುದಿಲ್ಲ. ಇದು ಕೀಲಿಮಣೆಯ ದೋಷವಲ್ಲ. ಜಂಬಯ್ಯ ಅವರು ಈ ಕಾರಣಕ್ಕಾಗಿ ಎರಡು ಕೀಲಿಮಣೆ ಬದಲಿಸಿದ್ದು, ಎರಡನೆಯದನ್ನು ಪಕ್ಕದ ಜೆರಾಕ್ಸ್ ಅಂಗಡಿಗೆ ಕೂಡಲೇ ಹಿಂದಿರುಗಿಸಲು ಸೂಚಿಸಲಾಗಿದೆ. ಕಾವಲುಗಾರ ಯರ್ರಿಸ್ವಾಮಿ ಅವರು ದೃಷ್ಟಿಯಾಗಿದೆಯೆಂದು ಇಳಿ ತೆಗೆದು ಇಟ್ಟ ನಿಂಬೆಹಣ್ಣನ್ನು ಯಂತ್ರದ ಮೇಲಿನಿಂದ ತೆಗೆಯತಕ್ಕದ್ದು.

4. ಅಂತರ್ಜಾಲದಿಂದ ನಕಲಿಸಿದ ಆಜ್ಞೆಯೊಂದನ್ನು ಸೌಭಾಗ್ಯ ಅವರು ಶುಕ್ರವಾರ ಬೆಳಿಗ್ಗೆ ಯಂತ್ರಕ್ಕೆ ನೀಡಲಾಗಿ, ‘ನಿಮ್ಮ ಹೆಸರು ಅನುಮತಿ ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು’ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂದಿರುತ್ತದೆ. ಅವರು ಯಾರಿಗೂ ಹೇಳದೆ, ಊಟದ ಡಬ್ಬಿಯನ್ನೂ ಬಿಟ್ಟು, ಶೇರ್ ಆಟೋ ಹತ್ತಿ ತಮ್ಮೂರು ಗುಮ್ಮಘಟ್ಟ ಸೇರಿರುತ್ತಾರೆ. ಕೆಲಸವೂ ಹೋಯಿತು, ಮೇಲೊಂದು ಕೇಸೂ ಬಿತ್ತು ಎಂದು ನಂಬಿ, ಕುರಿಹಟ್ಟಿಯ ಬಳಿ ಕುಳಿತು ಉಲ್ಲೇಖ (1)ರ ಪತ್ರ ಬರೆದು ಆಟೋದವರ ಕೈಯಲ್ಲಿ ಕಚೇರಿಗೆ ಕಳುಹಿಸಿರುತ್ತಾರೆ. ಬೆಂಗಳೂರಿನಲ್ಲಿ ಒಮ್ಮೆ ಸೂಜಿ ಮುರಿದು, ಅದರ ಚೂರು ಸಿಗುವವರೆಗೆ ಎಲ್ಲರ ಕೆಲಸ ನಿಂತಾಗಲೂ ಇಷ್ಟು ಹೆದರಿರಲಿಲ್ಲವೆಂದು ಪತ್ರದ ಮೂರನೆಯ ಪುಟದಲ್ಲಿದೆ.

5. ಶನಿವಾರ ಜಂಬಯ್ಯ ಅವರು ಖುದ್ದಾಗಿ ಗುಮ್ಮಘಟ್ಟಕ್ಕೆ ತೆರಳಿ, ‘ಆ ಮಿಷಿನ್ನು ಯಾರಿಗೂ ಹೇಳಾಂಗಿಲ್ಲಮ್ಮ, ಬಾ’ ಎಂದು ಸಮಜಾಯಿಷಿ ನೀಡಿರುತ್ತಾರೆ. ಅದಕ್ಕೆ ಸೌಭಾಗ್ಯ ಅವರು, ‘ಹಂಗಾದ್ರ ವರದಿ ಮಾಡ್ತೀನಿ ಅಂತ ಯಾಕ ಬರೀತೈತ್ರಿ?’ ಎಂದು ಕೇಳಿದ್ದು, ಸದರಿ ಪ್ರಶ್ನೆ ಕಚೇರಿಯ ಪರಿಶೀಲನೆಯಲ್ಲಿದೆ. ಅವರ ತಾಯಿ ಚಿನ್ನಕ್ಕ ಅವರು, ‘ಮಿಷಿನ್ನಿಗೆ ಹೆದರಿ ಮನಿ ಸೇರಿದ್ರ ಹೆಂಗ? ನಡಿ, ನಾನೂ ಬರ್ತೀನಿ’ ಎಂದು ಮಗಳ ಜೊತೆಯಲ್ಲೇ ಕಚೇರಿಗೆ ಬಂದು, ಕೆಲಸ ಮುಗಿಯುವವರೆಗೆ ಕುಳಿತಿರುತ್ತಾರೆ. ಯಂತ್ರ ವರದಿ ಕಳುಹಿಸಿದ್ದಲ್ಲಿ ಅದು ಈ ಕಚೇರಿಗೆ ಇದುವರೆಗೆ ಬಂದಿಲ್ಲ. ಅದು ತಲುಪಿದವರು ಏಳು ದಿನಗಳೊಳಗೆ ಹಾಜರುಪಡಿಸತಕ್ಕದ್ದು.

6. ಫೋನಿಗೆ ಸಿಕ್ಕ ಗೋವರ್ಧನ್ ಅವರು ನಕ್ಕು, ತಮ್ಮ ಪಾಸ್‌ವರ್ಡ್ ತಿಳಿಸಿ, ಅನುಮತಿ ಪಟ್ಟಿಗೆ ಸೌಭಾಗ್ಯ ಅವರ ಹೆಸರು ಸೇರಿಸುವ ವಿಧಾನ ಹೇಳಿಕೊಟ್ಟಿರುತ್ತಾರೆ. ಕೊನೆಗೆ ‘ಈಗ ಹೊರಗ ಹೋಗಿ ಒಳಗ ಬರ್ರಿ’ ಎಂದಾಗ ಜಂಬಯ್ಯ ಮತ್ತು ಯರ್ರಿಸ್ವಾಮಿ ಬೀದಿಗೆ ಹೋಗಿ ಬಂದಿರುತ್ತಾರೆ. ಸದರಿ ಸೂಚನೆ ಯಂತ್ರಕ್ಕೆ ಸಂಬಂಧಿಸಿದ್ದು. ಸಿಬ್ಬಂದಿ ಎದ್ದು ಹೋಗುವ ಅಗತ್ಯವಿಲ್ಲ. ಇಬ್ಬರೂ ಮರಳುವಷ್ಟರಲ್ಲಿ ಸೌಭಾಗ್ಯ ಅವರು ಗಣಕದಿಂದ ಹೊರಬಂದು ಮತ್ತೆ ಪ್ರವೇಶಿಸಿ, ಒಂದೇ ಸಾಲಿನ ಆಜ್ಞೆಯಿಂದ ತಂತ್ರಾಂಶ ತರಿಸಿಕೊಂಡಿದ್ದರು. ಬೇಕಾದ ಉಳಿದವೆಲ್ಲ ಅದರ ಹಿಂದೆಯೇ ತಾವಾಗಿ ಬಂದಿವೆ.

7. ಮೊದಲ ಲೇಬಲ್ ಮೂವತ್ತನಾಲ್ಕರ ಸೈಜಿನದು. ಅದನ್ನು ಸೌಭಾಗ್ಯ ಅವರು ತಾಯಿಯ ಸೆರಗಿಗೆ ಅಂಟಿಸಿರುವುದನ್ನು ಕಚೇರಿ ಗಮನಿಸಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಆರು ನೂರೂ ಮುಗಿದು, ಲಾರಿ ನಿಗದಿತ ದಿನವೇ ಹೊರಟಿರುತ್ತದೆ.

8. ಹಳೆಯ ವ್ಯವಸ್ಥೆಯನ್ನೇ ಮತ್ತೆ ಹಾಕಿಸಿಕೊಡಲು ಒಕ್ಕೂಟ ಸಿದ್ಧವಿತ್ತು. ಸೌಭಾಗ್ಯ ಅವರು, ‘ಬ್ಯಾಡ್ರಿ, ಈಗ ನನ್ನ ಮಾತು ಕೇಳ್ತೈತಿ’ ಎಂದು ತಿಳಿಸಿದ್ದರಿಂದ ಪ್ರಸ್ತಾವನೆಯನ್ನು ಮುಕ್ತಾಯಗೊಳಿಸಲಾಗಿದೆ. ಇನ್ನು ಮುಂದೆ ಅವರ ಅನುಮತಿಯಿಲ್ಲದೆ ಕಾರ್ಯದರ್ಶಿಯೂ ಸೇರಿದಂತೆ ಯಾರೂ ಯಾವುದನ್ನೂ ಅಳವಡಿಸತಕ್ಕದ್ದಲ್ಲ.

(ಸಹಿ)
ಕದರಪ್ಪ
ಕಾರ್ಯದರ್ಶಿ

ಪ್ರತಿಗಳು:
1. ಎಲ್ಲ ಹೊಲಿಗೆ ಘಟಕಗಳಿಗೆ (ತೆಲುಗು ಪ್ರತಿ ಹಿಂದೆಯೇ ಬರಲಿದೆ).
2. ಗೋವರ್ಧನ್, ತಿರುಪ್ಪೂರು: ಇನ್ನೊಮ್ಮೆ ನಗದಿರಲು.
3. ಸೂಚನಾ ಫಲಕಕ್ಕೆ, ಕರೆಂಟ್ ತೆಗೆಯುವ ವೇಳಾಪಟ್ಟಿಯನ್ನು ಮುಚ್ಚದಂತೆ.
4. ಸೌಭಾಗ್ಯ ಅವರಿಗೆ: ಮುದ್ರಣಕ್ಕಾಗಿ. ಅವರು ಇಂದು ರಜೆಯಲ್ಲಿರುವುದರಿಂದ ಈ ಸುತ್ತೋಲೆ ನಾಳೆಯಿಂದ ಜಾರಿಗೆ ಬರುತ್ತದೆ.