ವೃದ್ಧಾಶ್ರಮಕ್ಕೆ ಬಂದ ಮಷಿನ್ನುಗಳು

ಎಂಬತ್ತರ ದಶಕದಲ್ಲಿ ನಾನು ಅಣ್ಣಿಗೇರಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಮೇಲ್ವಿಚಾರಕಿಯಾಗಿದ್ದೆ. ಅಲ್ಲಿಗೆ ಹೊಸ ಮಷಿನ್ ಏನಾದರೂ ಬಂತೆಂದರೆ ವಾರಗಟ್ಟಲೆ ನನಗೆ ಬೇರೆ ಕೆಲಸವೇ ಇರುತ್ತಿರಲಿಲ್ಲ. ಮಷಿನ್ ಕೆಡುತ್ತಿತ್ತು ಅಂತಲ್ಲ. ನಮ್ಮ ಹಿರಿಯರು ಅದನ್ನು ತಮ್ಮ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತಿದ್ದರು.

ಹದಿನಾರು ಗಂಟೆ

ಮಿಶ್ರಿಕೋಟಿ ಕಡೆಯ ಅಜ್ಜ ಒಬ್ಬರಿದ್ದರು. ಜೀವಮಾನವಿಡೀ ಕುರಿ ಕಾಯ್ದವರು, ಬಿಸಿಲು ನೋಡಿ ಹೊತ್ತು ಹೇಳುವವರು. ಮೊಮ್ಮಗಳ ಗಂಡ ಗೋವಾದಿಂದ ಡಿಜಿಟಲ್ ವಾಚು ತಂದು ಅವರ ಕೈಗೆ ಕಟ್ಟಿಹೋದ. ಮುಳ್ಳಿಲ್ಲ, ಬರೀ ಅಂಕಿ. ಅಜ್ಜ ಬಾಜೂಕಿನ ಗುಂಡಿಗಳನ್ನೆಲ್ಲ ಒತ್ತಿದ್ದಕ್ಕೆ ಅದು ಇಪ್ಪತ್ನಾಲ್ಕು ತಾಸಿನ ಲೆಕ್ಕಕ್ಕೆ ತಿರುಗಿತ್ತು. ಇದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸಂಜೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಮುಖ ಗಂಟು.

"ಅಕ್ಕಾರ, ಚಾ ಎಷ್ಟಕ್ಕ ಅಂದಿದ್ರಿ?"

"ನಾಕಕ್ಕರಿ ಅಜ್ಜಾರ."

ವಾಚನ್ನು ನನ್ನ ಮೂಗಿನ ಮುಂದೆ ಹಿಡಿದರು. "ಹದಿನಾರಾತು ನೋಡ್ರಿ. ಇಷ್ಟು ತಡಾ ಮಾಡಿದ್ರ ಹೆಂಗರಿ?"

ನಾನು ಗಾಬರಿಯಾಗಿ ಒಂದು ಕಪ್ ಚಹಾ ಕೊಟ್ಟೆ. ಅಜ್ಜ ಕಪ್ಪನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ ಅಂದರು:

"ಹದಿನಾರರಾಗ ನಾಕು, ನಾಕು ಸಲ ಹೋತು. ಉಳಿದ ಮೂರು ಕಪ್ ಎಲ್ಲೈತಿ?"

ಮಗ್ಗಿ

ಸಂಶಿಯ ನಿವೃತ್ತ ಮಾಸ್ತರರಿಗೆ ಮಗಳು ಕ್ಯಾಲ್ಕ್ಯುಲೇಟರ್ ಕೊಟ್ಟಿದ್ದಳು. ಸೆಲ್ ಬೇಡ, ಬೆಳಕಿದ್ದರೆ ನಡೆಯುವಂಥದ್ದು. ಮಾಸ್ತರರು ಅಂಗಳದ ಬಿಸಿಲಿನಲ್ಲಿ ಅದರ ಪರೀಕ್ಷೆಗೆ ಕೂತರು. ಹದಿನೇಳರ ಮಗ್ಗಿ ಸರಿ, ಹತ್ತೊಂಬತ್ತರದೂ ಸರಿ. ತಿದ್ದಲು ಒಂದು ತಪ್ಪೂ ಸಿಗದೆ ಮಾಸ್ತರರಿಗೆ ಸಂಕಟವೇ ಆಯಿತು. ಆಮೇಲೆ ಕತ್ತಲು ಕೋಣೆಯೊಳಗೆ ತಂದು ಒತ್ತಿದರೆ ಒಂದು ಅಂಕಿಯೂ ಮೂಡಲಿಲ್ಲ.

ಊಟಕ್ಕೆ ಬಂದಾಗ ಅವರ ಮುಖದಲ್ಲಿ ಸಮಾಧಾನವಿತ್ತು.

"ನಮ್ಮ ಸಾಲಿ ಹುಡುಗರಂಗ ಐತ್ರಿ ಅಕ್ಕಾರ. ಹೊರಗ ಬೈಲಿನಾಗ ಎಲ್ಲಾ ಬರತೈತಿ, ಖೋಲಿಯೊಳಗ ಕರದು ಕೇಳಿದ್ರ ಬಾಯಿ ಬಿಡೂದಿಲ್ಲ."

ಬೀಗತಿಯರು

ನಮ್ಮಲ್ಲಿ ಇಬ್ಬರು ಬೀಗತಿಯರಿದ್ದರು. ನವಲಗುಂದದ ಅಜ್ಜಿಯ ಮಗ ಕುಂದಗೋಳದ ಅಜ್ಜಿಯ ಮಗಳನ್ನು ಮಾಡಿಕೊಂಡಿದ್ದ. ಮದುವೆ ಊಟದ ಪಂಕ್ತಿಯಲ್ಲಿ ಏನೋ ಮಾತು ಬಂದು ಇಬ್ಬರೂ ಮಾತು ಬಿಟ್ಟಿದ್ದರು. ಈಗ ಒಂದೇ ಪಡಸಾಲೆಯಲ್ಲಿ ಎದುರುಬದುರು ಮಂಚ.

ಹುಬ್ಬಳ್ಳಿಯಿಂದ ಬರುತ್ತಿದ್ದ ಡಾಕ್ಟರು ಒಮ್ಮೆ ಅಂಕಿ ತೋರಿಸುವ ಬಿ.ಪಿ. ಮಷಿನ್ ತಂದರು. ತೋಳಿಗೆ ಪಟ್ಟಿ ಸುತ್ತಿದರೆ ಕೆಂಪಗೆ ಅಂಕಿ ಮೂಡುತ್ತಿತ್ತು. ನವಲಗುಂದದವರಿಗೆ ನೂರಾ ಎಂಬತ್ತು ಬಂತು, ಕುಂದಗೋಳದವರಿಗೆ ನೂರಾ ಹತ್ತು. ಡಾಕ್ಟರು ಬಾಯಿ ತೆರೆಯುವ ಮೊದಲೇ ನವಲಗುಂದದವರು ಸೆರಗಿನ ಗಂಟು ಬಿಚ್ಚಿ ಎಲ್ಲರಿಗೂ ಕಲ್ಲುಸಕ್ಕರೆ ಹಂಚಿದರು, ಬೀಗತಿಯೊಬ್ಬರನ್ನು ಬಿಟ್ಟು.

ಕುಂದಗೋಳದವರ ಮುಖ ಸಣ್ಣದಾಯಿತು. "ಇನ್ನೊಮ್ಮೆ ಹಚ್ಚಿ ನೋಡ್ರಿ ಡಾಕ್ಟರ. ನಾ ತಯಾರಾಗಿದ್ದಿಲ್ಲ."

ಡಾಕ್ಟರು ಬಿಡಿಸಿ ಹೇಳಿದರು. ಅಂಕಿ ಹೆಚ್ಚು ಬಂದರೆ ಅದು ಬ್ಯಾನಿ. ಇನ್ನು ಮುಂದೆ ಉಪ್ಪು ಕಡಿಮೆ, ಉಪ್ಪಿನಕಾಯಿ ಬಂದ್, ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ. ಉಳಿದ ಕಲ್ಲುಸಕ್ಕರೆ ಕೈಯಲ್ಲಿ ಹಿಡಿದುಕೊಂಡೇ ನವಲಗುಂದದವರು ಕಣ್ಣೀರು ತೆಗೆದರು.

ಕುಂದಗೋಳದವರು ಎದ್ದು ಹೋಗಿ ಆ ಮಂಚದ ಮೇಲೆ ಕೂತರು. ಬೀಗತಿಯ ಕೈ ಹಿಡಿದುಕೊಂಡು ಡಾಕ್ಟರರ ಕಡೆ ತಿರುಗಿದರು.

"ಡಾಕ್ಟರ, ಇವರದೂ ನಂದೂ ಕೂಡಿಸಿ ಇಬ್ಬರಿಗೂ ಅರ್ಧಾ ಅರ್ಧಾ ಮಾಡಿಬಿಡ್ರಿ. ಮದಿವಿ ಮಾತುಕತಿಯೊಳಗ ಎಲ್ಲಾದರಾಗೂ ಸರಿಪಾಲು ಅಂತನ ಆಗೇತಿ."