ಕೋಮೋ ಸರೋವರಕ್ಕೆ ಇಟ್ಟ ಕುಂಕುಮ

ಕೊರಳಿಗೆ ದೊಡ್ಡ ಕ್ಯಾಮೆರಾ ಬಿದ್ದ ಮೇಲೆ ಮನುಷ್ಯ ಮೊದಲಿನಂತೆ ಇರುವುದಿಲ್ಲ. ಮರ ಕಂಡರೆ ಮರ ಎನ್ನುವುದಿಲ್ಲ, ‘ಫ್ರೇಮ್’ ಎನ್ನುತ್ತಾನೆ. ಬಿಸಿಲು ಕಂಡರೆ ಟೋಪಿ ಹುಡುಕುವ ಬದಲು ‘ಆಹಾ, ಲೈಟ್!’ ಎಂದು ನಿಟ್ಟುಸಿರು ಬಿಡುತ್ತಾನೆ. ಐವತ್ತರ ಹೊಸ್ತಿಲಲ್ಲಿ ನನಗೂ ಈ ರೋಗ ತಗುಲಿತು. ಬಾಕ್ಸ್ ಹಿಲ್‌ನ ಮನೆಯಿಂದ ಡಾಕ್‌ಲ್ಯಾಂಡ್ಸ್‌ನ ಆಫೀಸಿಗೆ ಹೋಗುವ ರೈಲಿನಲ್ಲಿ ಎಲ್ಲರೂ ಫೋನು ನೋಡುತ್ತಿದ್ದರೆ ನಾನು ಕ್ಯಾಮೆರಾದ ಕೈಪಿಡಿ ಓದುತ್ತಿದ್ದೆ.

ಇದನ್ನು ಕಲಾಪ್ರೇಮ ಎಂದುಕೊಳ್ಳಬೇಡಿ, ಅಪ್ಪಟ ಸೇಡು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ನನ್ನ ಷಡ್ಡಕ ಮುರಳಿ ಎಲ್ಲಿಗೆ ಹೋಗಿಬಂದರೂ ನಮ್ಮನ್ನು ಕರೆದು, ಊಟ ಹಾಕಿ, ಮೇಲೇಳಲಾಗದ ಸ್ಥಿತಿಗೆ ತಂದು, ಆಮೇಲೆ ಟೀವಿಯಲ್ಲಿ ಫೋಟೋ ತೋರಿಸುತ್ತಾನೆ. ಅವನ ಸ್ವಿಟ್ಜರ್ಲೆಂಡನ್ನು ನಾನು ಬಿಸಿಬೇಳೆಬಾತಿನ ಭಾರದಲ್ಲಿ ಪೂರ್ತಿ ಸಹಿಸಿದ್ದೇನೆ. ಒಂದೇ ಹಸುವನ್ನು ಎಲ್ಲ ಕೋನಗಳಿಂದಲೂ ನೋಡಿದ್ದೇನೆ. ಒಮ್ಮೆಯಾದರೂ ಅವನನ್ನು ಅದೇ ಸೋಫಾದಲ್ಲಿ ಕೂರಿಸಿ ನನ್ನ ಫೋಟೋ ತೋರಿಸಬೇಕೆಂಬುದು ನನ್ನ ಹಠ. ಹೆಂಡತಿ ನಳಿನಿಯ ಆಸೆ ಸಣ್ಣದು. “ನಾವಿಬ್ರೂ ಒಟ್ಟಿಗಿರೋದು ಒಂದು ಒಳ್ಳೇ ಫೋಟೋ ಬೇಕು ರೀ, ಹಾಲ್‌ನಲ್ಲಿ ಹಾಕೋಕೆ” ಎಂದಿದ್ದಳು. ಮದುವೆಯ ಆಲ್ಬಂ ಬಿಟ್ಟರೆ ನಮ್ಮ ಬಳಿ ಇದ್ದದ್ದು ವೀಸಾಕ್ಕೆ ತೆಗೆಸಿದ ಫೋಟೋಗಳು, ಅವೂ ಬೇರೆಬೇರೆ.

ಇಟಲಿಗೆ ಹೊರಡುವ ಮುಂಚಿನ ವಾರ ಆಯುಧಪೂಜೆ ಬಂತು. ಕಾರು, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಹಚ್ಚಿದ ನಳಿನಿ ಕ್ಯಾಮೆರಾದತ್ತ ಕೈ ಚಾಚಿದಾಗ ನಾನು ಹೌಹಾರಿದೆ. “ನೀನು ಮುಟ್ಬೇಡ, ನಾನೇ ಇಡ್ತೀನಿ” ಎಂದು ಲೆನ್ಸಿನ ಮುಚ್ಚಳದ ಮೇಲೆ ಬಲು ನಾಜೂಕಾಗಿ ಬೊಟ್ಟಿಟ್ಟೆ. ಪುಡಿ ಒಳಗೆ ಹೋಗಿದೆಯೇ ಎಂದು ಮುಚ್ಚಳ ತೆಗೆದು, ಮುಟ್ಟಿ ನೋಡಿ, ನಿಶ್ಚಿಂತೆಯಿಂದ ಚೀಲಕ್ಕೆ ಹಾಕಿದೆ.

ಕೋಮೋ ಸರೋವರದಲ್ಲಿ ದೋಣಿಯೇ ಬಸ್ಸು. ಒಂದು ಊರಲ್ಲಿ ಇಳಿದು, ಸುತ್ತಿ, ಮತ್ತೆ ಹತ್ತಿ ಇನ್ನೊಂದು ಊರಿಗೆ ಹೋಗುವುದು. ಬೆಟ್ಟದ ಬುಡದಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತಂಥ ಹಳದಿ, ಗುಲಾಬಿ ಮನೆಗಳು. ಇವನ್ನೆಲ್ಲ ಚೆನ್ನಾಗಿ ನೋಡಿದವಳು ನಳಿನಿ. ನಾನು ಒಂದು ಕಣ್ಣು ಮುಚ್ಚಿಕೊಂಡೇ ದಿನ ಕಳೆದೆ. ತೆರೆದ ಕಣ್ಣಿಗೂ ಏಕೋ ಸ್ವಲ್ಪ ಮಬ್ಬು. ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸಿ ಒರೆಸಿ ಸಾಕಾಯಿತು.

“ಲೆನ್ಸ್ ಒಂದ್ಸಲ ನೋಡ್ರೀ, ಕೊಳೆ ಆಗಿದ್ಯೇನೋ” ಎಂದಳು ನಳಿನಿ.

ಲೆನ್ಸಿಗೆ ಸೂಕ್ಷ್ಮವಾದ ಲೇಪನವಿರುತ್ತದೆ, ಕಂಡಕಂಡವರು ಮುಟ್ಟಬಾರದು, ಒರೆಸಬಾರದು ಎಂದು ಮುಂದಿನ ದೋಣಿ ಬರುವವರೆಗೂ ಉಪನ್ಯಾಸ ಕೊಟ್ಟೆ. ಅವಳು ಬೆಂಚಿನ ಮೇಲೆ ಡಬ್ಬಿ ತೆರೆದು ಪುಳಿಯೋಗರೆ ತಿನ್ನುತ್ತಾ ಕೇಳಿಸಿಕೊಂಡಳು. ಬಿಸಿಲಿಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ರಾತ್ರಿ ಹೋಟೆಲಿನಲ್ಲಿ ನೋಡಬಹುದಿತ್ತು. ಆದರೆ ಮೊದಲ ಪ್ರದರ್ಶನ ಮುರಳಿಯ ದೊಡ್ಡ ಟೀವಿಯಲ್ಲೇ ಆಗಲಿ ಎಂದು ಬಿಗುಮಾನದಿಂದ ಸುಮ್ಮನಿದ್ದೆ. ಸಂಜೆ ನಾಯಿ ಕರೆದುಕೊಂಡು ಹೊರಟಿದ್ದ ಒಬ್ಬ ಇಟಾಲಿಯನ್ ಹೆಂಗಸಿಗೆ ಕ್ಯಾಮೆರಾ ಕೊಟ್ಟು, ಕೈಸನ್ನೆಯಲ್ಲಿ ಪಾಠ ಮಾಡಿ, ನಳಿನಿಯ ಪಕ್ಕ ನಿಂತೆ. ಆಕೆ ನನ್ನ ಪಾಠವನ್ನು ಲೆಕ್ಕಿಸದೆ ಒಮ್ಮೆ ಒತ್ತಿ, “ಬೆಲ್ಲೋ!” ಎಂದು ತನ್ನ ಭಾಷೆಯಲ್ಲಿ ಮೆಚ್ಚಿ ಹೊರಟುಹೋದಳು. ನಳಿನಿಯ ಮುಖ ಅರಳಿತ್ತು.

ದೀಪಾವಳಿಗೆ ಸಿಡ್ನಿಗೆ ಹೋದೆವು. ಊಟವಾಯಿತು. ಮುರಳಿಯನ್ನು ಸೋಫಾದಲ್ಲಿ ಕೂರಿಸಿದೆ. ಮೊದಲ ಫೋಟೋ ಬಂತು. ನೀರು, ಬೆಟ್ಟ, ಬಲಗಡೆ ಮೇಲೆ ಒಂದು ಕೆಂಪು ಮಬ್ಬು.

“ಸೂರ್ಯಾಸ್ತ” ಎಂದೆ.

ಎರಡನೆಯದರಲ್ಲೂ ಅದೇ ಜಾಗದಲ್ಲಿ ಅದೇ ಮಬ್ಬು. ನಳಿನಿ ಪುಳಿಯೋಗರೆ ತಿನ್ನುತ್ತಿದ್ದ ಫೋಟೋ ಬಂದಾಗ ಮುರಳಿ ಕತ್ತು ಓರೆ ಮಾಡಿದ. “ಅಲ್ಲಿ ಮಧ್ಯಾಹ್ನ ಊಟದ ಹೊತ್ತಿಗೂ ಸೂರ್ಯಾಸ್ತನಾ ಭಾವ?” ಅವನ ಮಗಳು, “ದೊಡ್ಡಪ್ಪ, ವೈ ಈಸ್ ಎವ್ರಿಥಿಂಗ್ ಪಿಂಕ್?” ಎಂದಳು. ಮುರಳಿ ಎದ್ದು ಬಂದು ಕ್ಯಾಮೆರಾ ಎತ್ತಿ, ದೀಪಕ್ಕೆ ಹಿಡಿದ. ಲೆನ್ಸಿನ ಮೇಲೆ, ರೇಖೆ ರೇಖೆಯೂ ಕಾಣುವಂತೆ, ಕುಂಕುಮದ ಬೆರಳಚ್ಚು. “ಇಷ್ಟೆಲ್ಲಾ ಓದ್ಕೊಂಡು ಹೆಬ್ಬೆಟ್ಟು ಒತ್ತಿದ್ದೀರಲ್ಲ ಭಾವ!”

ಕೊನೆಗೆ ನಮ್ಮಿಬ್ಬರ ಫೋಟೋ ಬಂತು. ಸರೋವರ ಚೆನ್ನಾಗಿತ್ತು, ನಳಿನಿ ಇನ್ನೂ ಚೆನ್ನಾಗಿದ್ದಳು. ಬಲಗಡೆ ನಿಂತ ನನಗೆ ಕುತ್ತಿಗೆಯವರೆಗೆ ಮಾತ್ರ ಆಕಾರ, ಮೇಲೆ ಕೆಂಪು ಮೋಡ. ಸೇಡು ಹಾಳಾಗಲಿ, ಅವಳು ಕೇಳಿದ್ದ ಒಂದೇ ಒಂದು ಫೋಟೋ ಹೋಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಅವಳ ಕಡೆ ನೋಡಲು ಧೈರ್ಯ ಬರಲಿಲ್ಲ. ನೋಡಿದರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ನಗು ತಡೆಯಲಾರದೆ. “ಇದನ್ನೇ ದೊಡ್ಡದಾಗಿ ಪ್ರಿಂಟ್ ಹಾಕ್ಸಿ” ಎಂದಳು.

ಈಗದು ನಮ್ಮ ಹಾಲಿನಲ್ಲಿದೆ. ಮನೆಗೆ ಬಂದವರು ಅದರ ಮುಂದೆ ನಿಲ್ಲದೆ ಹೋಗುವುದಿಲ್ಲ. “ಆಂಟಿ, ನೀವು ಎಷ್ಟು ಚೆನ್ನಾಗಿ ಬಂದಿದ್ದೀರಿ! ಪಕ್ಕದಲ್ಲಿ ಕೆಂಪಗಿರೋರು ಯಾರು?”

ನಳಿನಿ ಕಾಫಿ ಲೋಟ ಕೈಗೆ ಕೊಡುತ್ತಾ ಹೇಳುತ್ತಾಳೆ: “ಅವರಾ? ಫೋಟೋಗ್ರಾಫರು.”