ಹೋಸ್ ಕ್ಲಾಂಪ್ ಹಾಕಿದ ಕಿರೀಟ

ತಗಡಿನ ಕೆಲಸದಲ್ಲಿ ನನ್ನನ್ನು ಸೋಲಿಸುವವರು ಪೀಣ್ಯದಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ಇದ್ದ ವಿಷಯ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ದೊಡ್ಡ ದೊಡ್ಡ ಡಿಗ್ರಿ ಮಾಡಿಕೊಂಡು ಬಂದ ಇಂಜಿನಿಯರುಗಳು ಡ್ರಾಯಿಂಗ್ ಹಿಡಿದುಕೊಂಡು "ಸಾರ್, ಇದು ಬೆಂಡ್ ಆಗುತ್ತಾ?" ಎಂದು ಕೇಳಲು ಬರುವುದು ನನ್ನ ಹತ್ತಿರವೇ. ಕರೆಂಟ್ ಪ್ಯಾನೆಲ್ ಕೂರಿಸುವ ಕಬ್ಬಿಣದ ಪೆಟ್ಟಿಗೆ ಮಾಡುವ ಕಾರ್ಖಾನೆ ನಮ್ಮದು. ಅಲ್ಲಿ ನಾನು ಸೂಪರ್ವೈಸರ್. ಹದಿನೆಂಟು ವರ್ಷದಲ್ಲಿ ನನ್ನ ಕೈಯಲ್ಲಿ ಹಾಳಾದ ತಗಡು ಎರಡೇ ಎರಡು. ಈಗ ಹೇಳಹೊರಟಿರುವುದು ಮೂರನೆಯದರ ಕಥೆ.

ನನಗೊಂದು ಗುಟ್ಟಿನ ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ. ರಾಜರ ಸಿನಿಮಾ!

ಅರಮನೆ, ರೇಷ್ಮೆಯ ಅಂಗಿ, ಕತ್ತಿ, ಕುದುರೆ, ಎರಡು ಮಾರುದ್ದದ ಮಾತು. ಇವುಗಳ ಮುಂದೆ ಕೂತರೆ ನನಗೆ ಊಟ ಬೇಡ. ಮುಖ್ಯವಾಗಿ, ಅಲ್ಲಿ ರಾಜ ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಒಂದು ವಾಕ್ಯ ಶುರು ಮಾಡಿದರೆ ಮುಗಿಸಲು ಬಿಡುತ್ತಾರೆ. ಲಗ್ಗೆರೆಯ ನಮ್ಮ ಮನೆಯಲ್ಲಿ ಆ ಸೌಲಭ್ಯವಿಲ್ಲ.

ಹೆಂಡತಿ ಸರೋಜಳ ಜೊತೆ ಒಮ್ಮೆ ಇಂಥ ಸಿನಿಮಾ ನೋಡಲು ಕೂತಿದ್ದೆ. ಪಟ್ಟದ ರಾಣಿ ಕಾಡಿಗೆ ಹೊರಟು ನಿಂತಿದ್ದಾಳೆ, ಇವಳು "ರೀ, ಆ ಕಾಲ್ದಲ್ಲೂ ಬ್ಲೌಸಿಗೆ ಹುಕ್ಕು ಇತ್ತಾ?" ಎಂದಳು. ಅಷ್ಟರಲ್ಲಿ ಮಗಳು, "ಅಮ್ಮಾ, ಅಪ್ಪ ಅಳ್ತಿದ್ದಾರೆ ನೋಡಮ್ಮ!" ಎಂದು ಕೂಗಿದಳು. ಅಂದಿನಿಂದ ನಾನು, ಸಿನಿಮಾ ನೋಡುವುದು ಕೆಲಸವಿಲ್ಲದವರ ಕೆಲಸ ಎಂದು ಮನೆಯಲ್ಲೂ ಕಾರ್ಖಾನೆಯಲ್ಲೂ ಸಾರಿಬಿಟ್ಟೆ. ನೋಡುವುದಾದರೆ ಒಬ್ಬನೇ, ಬಾಗಿಲು ಹಾಕಿಕೊಂಡು.

ಆ ಅವಕಾಶ ಬಂತು. ಸರೋಜಳ ತಂಗಿಯ ಸೀಮಂತ, ಅದೂ ಸಿಂಗಸಂದ್ರದಲ್ಲಿ. ಬೆಂಗಳೂರಿನ ಈ ತುದಿಯಿಂದ ಆ ತುದಿಗೆ. ತಾಯಿ ಮಗಳು ಭಾನುವಾರ ಹೋದರೆ ಮಂಗಳವಾರ ಸಂಜೆಯೇ ಬರುವುದು. ನಮಗೆ ವಾರದ ರಜೆ ಸೋಮವಾರ. ಡಿವಿಡಿ ಅಂಗಡಿಗೆ ಹೋಗಿ, ಒಂದೇ ಡಿಸ್ಕಿನಲ್ಲಿ ಮೂರು ರಾಜರ ಸಿನಿಮಾ ಇರುವುದನ್ನು ಬಾಡಿಗೆಗೆ ತಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇವತ್ತು ಈ ಬರಹ ಬರೆಯುತ್ತಿರಲಿಲ್ಲ.

ಈ ಸಿನಿಮಾಗಳಲ್ಲಿ ನನಗೆ ಬಹಳ ದಿನದಿಂದ ಒಂದು ತಕರಾರಿತ್ತು. ಕಿರೀಟಗಳು. ರಟ್ಟಿಗೆ ಬಂಗಾರದ ಕಾಗದ ಅಂಟಿಸಿರುತ್ತಾರೆ. ಅಂಚು ಮಡಿಸಿರುವುದಿಲ್ಲ, ಜಾಯಿಂಟು ಕಾಣುತ್ತದೆ. ರಾಜ ಸ್ವಲ್ಪ ಸಿಟ್ಟಾದರೂ ಸಾಕು, ಕಿರೀಟ ಲೊಟಲೊಟ ಎನ್ನುತ್ತದೆ. ಕಿರೀಟವೇ ಅಲುಗಾಡಿದರೆ ಸಾಮ್ರಾಜ್ಯ ಗಟ್ಟಿ ನಿಲ್ಲುವುದು ಹೇಗೆ? ಒಬ್ಬ ತಗಡಿನ ಕೆಲಸಗಾರನಾಗಿ ಇದನ್ನು ಸಹಿಸಿಕೊಂಡು ಕೂರುವುದು ನನ್ನಿಂದಾಗಲಿಲ್ಲ.

ಮಾಡಿದೆ. ಶನಿವಾರ ಶಿಫ್ಟು ಮುಗಿದ ಮೇಲೆ ಸ್ಕ್ರ್ಯಾಪಿನಿಂದ ಒಂದು ತುಂಡು ತಗಡು ಆರಿಸಿ, ಒಂಬತ್ತು ಗೋಪುರ ಕತ್ತರಿಸಿ, ಅಂಚು ಮಡಿಸಿ ಸುತ್ತಿದೆ. ಬ್ರಾಕೆಟ್ಟುಗಳಿಗೆ ಹಳದಿ ಪ್ಲೇಟಿಂಗ್ ಮಾಡುತ್ತಾರಲ್ಲ, ಭಾನುವಾರ ಅದರ ಜೊತೆಗೇ ಇದನ್ನೂ ಮುಳುಗಿಸಿ ತೆಗೆಸಿದೆ. ಅಪ್ಪಟ ಚಿನ್ನ! ಪ್ಯಾನೆಲ್ಲಿನ ಮುಖದ ಮೇಲೆ ಕೂರುವ ಕೆಂಪು, ಹಸಿರು ದೀಪಗಳ ಮುಚ್ಚಳಗಳನ್ನು ಅದಕ್ಕೆ ಕೂರಿಸಿದೆ. ಮಾಣಿಕ್ಯ, ಪಚ್ಚೆ! ಇನ್ನು ಅಲುಗಾಡದಿರಲು, ಕೆಳಗಿನ ಅಂಚಿನ ಸುತ್ತ ಬ್ಲೋವರ್ ಪೈಪಿಗೆ ಹಾಕುವ ದೊಡ್ಡ ಹೋಸ್ ಕ್ಲಾಂಪ್ ರಿವೆಟ್ ಮಾಡಿದೆ. ಅದು ಸ್ಟೀಲಿನ ಪಟ್ಟಿ. ಹಿಂದಿರುವ ಸ್ಕ್ರೂ ತಿರುಗಿಸಿದಷ್ಟೂ ಬಿಗಿಯಾಗುತ್ತದೆ. ಜಗತ್ತಿನ ಯಾವ ಚಕ್ರವರ್ತಿಗೂ ಹೊಳೆಯದ ಉಪಾಯ!

ಇಲ್ಲಿ ಒಂದು ಸಣ್ಣ ವಿಷಯ ಹೇಳಿಬಿಡಬೇಕು. ಕಂಪನಿಯ ಮಾಲಿನಲ್ಲಿ ಸ್ವಂತ ಕೆಲಸ ಮಾಡಬಾರದು ಎಂಬ ಕಾನೂನು ನಮ್ಮಲ್ಲಿದೆ. ತಂದವನು ನಾನೇ. ಹದಿನೈದು ದಿನದ ಹಿಂದೆ ಬಸವರಾಜ ಎಂಬ ಫಿಟ್ಟರ್, ಸ್ಕ್ರ್ಯಾಪ್ ತಗಡಿನಲ್ಲಿ ಹೆಂಡತಿಗೆಂದು ರೊಟ್ಟಿ ಸುಡುವ ಹಂಚು ಮಾಡಿಕೊಂಡಿದ್ದ. ನಾನು ಅದನ್ನು ಕಿತ್ತುಕೊಂಡು ಸ್ಟೋರಿನಲ್ಲಿಟ್ಟು, ಎಲ್ಲರೆದುರಿಗೆ ಅವನಿಗೆ ಅರ್ಧ ಗಂಟೆ ಪ್ರಾಮಾಣಿಕತೆಯ ಪಾಠ ಹೇಳಿದ್ದೆ. ಬಸವರಾಜ ಬಾಗಲಕೋಟೆ ಕಡೆಯವನು. ನಮ್ಮ ಮನೆಗೆ ಅಂಟಿಕೊಂಡ ಕೋಣೆಯಲ್ಲೇ ಬಾಡಿಗೆಗಿದ್ದಾನೆ. ನಡುವೆ ಒಂದೇ ಗೋಡೆ.

ಹಂಚು ಬೇರೆ, ಕಿರೀಟ ಬೇರೆ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಅದು ಸ್ವಂತ ಕೆಲಸ. ಇದು ಕಲೆ.

ಸೋಮವಾರ ಸಂಜೆ ಆರೂಕಾಲರ ಶುಭಮುಹೂರ್ತದಲ್ಲಿ ದಿವಾನ್ ಕಾಟಿನ ಮೇಲೆ ನನ್ನ ಪಟ್ಟಾಭಿಷೇಕ ನೆರವೇರಿತು. ಹೆಗಲ ಮೇಲೆ ಸರೋಜಳ ಕೆಂಪು ಶಾಲು, ಕೈಯಲ್ಲಿ ರಿಮೋಟು, ಪಕ್ಕದಲ್ಲಿ ಖಾರಾಬೂಂದಿ. ಸಿನಿಮಾ ಶುರುವಾಯಿತು. ಆಹಾ! ಸಿಂಹಾಸನದಲ್ಲಿ ರಾಜ ಗಡ್ಡ ನೀವಿಕೊಂಡ. ನನಗೆ ಗಡ್ಡವಿಲ್ಲ, ಗಲ್ಲ ನೀವಿಕೊಂಡೆ. ಅವನು "ಮಹಾಮಂತ್ರಿಗಳೇ!" ಎಂದಾಗ ನಾನೂ ಎಂದೆ. ಇಡೀ ಮನೆಯಲ್ಲಿ ಯಾರೊಬ್ಬರೂ ಅಡ್ಡ ಮಾತಾಡಲಿಲ್ಲ. ಅಂಥ ಸುಖವನ್ನು ನಾನು ಮದುವೆಯಾದ ಮೇಲೆ ಕಂಡದ್ದು ಅದೇ ಮೊದಲು.

ಅರ್ಧ ಗಂಟೆಗೆ ರಾಜ ಕುದುರೆ ಹತ್ತಿದ. ಶತ್ರುಗಳು ಬೆನ್ನಟ್ಟಿದರು. ನಾನೂ ದಿಂಬಿನ ಮೇಲೆ ಕೂತು ಅವನ ಜೊತೆ ಓಡಿಸಿದೆ. ಆಗ ಕಿರೀಟ ಸ್ವಲ್ಪ, ಒಂದು ನೂಲಿನಷ್ಟು ಜಾರಿತು. ನನ್ನ ಕೆಲಸ ಜಾರುವುದೇ! ಸ್ಕ್ರೂಡ್ರೈವರ್ ತೆಗೆದುಕೊಂಡು, ತಲೆಯ ಹಿಂದೆ ಕೈ ಹಾಕಿ, ಸಿನಿಮಾದಿಂದ ಕಣ್ಣು ತೆಗೆಯದೆ ಎರಡು ಸುತ್ತು ಬಿಗಿಮಾಡಿದೆ. ಕುದುರೆ ಹಳ್ಳ ಹಾರಿತು. ಇನ್ನೆರಡು ಸುತ್ತು. ಕೊನೆಯ ಸುತ್ತಿಗೆ ಸ್ಕ್ರೂಡ್ರೈವರ್ 'ಕರ್' ಎಂದು ಜಾರಿತು.

ಆ ಸದ್ದು ನನಗೆ ಗೊತ್ತು. ಆ ಸದ್ದಿಗೆ ನಾನು ಎಷ್ಟೋ ಜನರಿಗೆ ಬೈದಿದ್ದೇನೆ. ಸ್ಕ್ರೂವಿನ ಗಾಡಿ, ಅಂದರೆ ಅದರ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳು, ಸವೆದು ನುಣ್ಣಗಾದ ಸದ್ದು ಅದು. ಇನ್ನು ಅದು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಮೇಲಕ್ಕೆ ಎಳೆದೆ. ಬರಲಿಲ್ಲ. ಪಟ್ಟಿ ತಲೆಬುರುಡೆಯ ಹಿಂದಿನ ಉಬ್ಬಿನ ಕೆಳಗೆ ಭದ್ರವಾಗಿ ಕೂತಿತ್ತು. ಕೊಬ್ಬರಿ ಎಣ್ಣೆ ಸುರಿದುಕೊಂಡೆ. ಕಿರೀಟ ಬರಲಿಲ್ಲ, ಎಣ್ಣೆ ಕಣ್ಣಿಗೆ ಬಂತು. ಬಗ್ಗಿ, ಗೋಪುರಗಳನ್ನು ಬಾಗಿಲ ಚೌಕಟ್ಟಿಗೆ ಸಿಕ್ಕಿಸಿ ಹಿಂದಕ್ಕೆ ಜಗ್ಗಿದೆ. ಗೋಪುರ ಜಾರಿ, ತಲೆ ಹೋಗಿ ಪಕ್ಕದ ಗೋಡೆಗೆ ಬಡಿಯಿತು. ಮೂರು ಸಲ ಜಗ್ಗಿದೆ, ಮೂರು ಸಲವೂ ಬಡಿಯಿತು.

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಸರೋಜ. ಕಿರೀಟಕ್ಕೆ ಕಿವಿಯ ಪಕ್ಕ ನವಿಲಿನ ಆಕಾರದ ಎರಡು ರೆಕ್ಕೆ ಬೇರೆ ಮಾಡಿದ್ದೆ. ಮೊಬೈಲು ಕಿವಿಯವರೆಗೆ ಹೋಗಲಿಲ್ಲ. ಮುಖದ ಮುಂದೆ ಹಿಡಿದುಕೊಂಡು ಕೂಗಿದೆ.

"ಯಾಕ್ರೀ ಹಿಂಗ್ ಕಿರುಚ್ತೀರ?"

"ಟವರ್ ಇಲ್ಲ ಕಣೇ!"

"ಊಟ ಆಯ್ತಾ?"

"ಇನ್ನೂ ಇಲ್ಲ. ಸ್ವಲ್ಪ ಕೆಲಸದಲ್ಲಿದ್ದೀನಿ."

"ರಜಾ ದಿನಾನೂ ಕೆಲಸಾನ? ಸ್ವಲ್ಪ ತಲೆಗೆ ರೆಸ್ಟ್ ಕೊಡ್ರೀ," ಎಂದು ಇಟ್ಟಳು.

ತಲೆಗೆ ರೆಸ್ಟ್! ಬೆಳಗಾದರೆ ಮಂಗಳವಾರ. ಪ್ರತಿ ಮಂಗಳವಾರ ಎಂಟೂವರೆಗೆ ಮ್ಯಾನೇಜರ್ ಎಲ್ಲರನ್ನೂ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿ ಮಾತಾಡುತ್ತಾರೆ. ಎಲ್ಲರ ಮುಂದೆ, ಅವರ ಪಕ್ಕದಲ್ಲಿ ನಿಲ್ಲುವವನು ನಾನು. ಹದಿನೆಂಟು ವರ್ಷ ಬೆವರು ಸುರಿಸಿ ಗಳಿಸಿದ್ದು ಅದೊಂದು ಜಾಗ. ಅಲ್ಲಿ ಈ ಕಿರೀಟ ಸಮೇತ ನಿಂತರೆ? ನಿಲ್ಲದೆ ರಜೆ ಹಾಕಿ ಆಸ್ಪತ್ರೆಗೆ ಹೋದರೆ, ಅಲ್ಲಿ "ಏನಾಯ್ತು?" ಎಂದು ಕೇಳಿದಾಗ ಏನು ಹೇಳಲಿ? ಪಟ್ಟಾಭಿಷೇಕವಾಯಿತು ಎನ್ನಲೇ?

ಟೀವಿಯಲ್ಲಿ ರಾಜ ಎದ್ದು ನಿಂತು "ಯಾರಲ್ಲಿ!" ಎಂದು ಗರ್ಜಿಸಿದ.

"ನಾವ್ರೀ ಸರ, ಬಸವರಾಜ," ಎಂದು ಹೊರಗಿನಿಂದ ಉತ್ತರ ಬಂತು.

ಟೀವಿ ಆರಿಸಿ, ಸ್ನಾನದ ಟವೆಲನ್ನು ಕಿರೀಟದ ಮೇಲೆ ಸುತ್ತಿ, ಬಾಗಿಲನ್ನು ಒಂದು ಗೇಣು ತೆಗೆದೆ. ಬಸವರಾಜ, ಅವನ ಹಿಂದೆ ಹೆಂಡತಿ ಶಾಂತವ್ವ.

"ಗ್ವಾಡಿಗೆ ದಬ್ ದಬ್ ಅಂತ ಏನೋ ಬಡಿಯಾಕತ್ತಿತ್ರಿ. ಅಕ್ಕಾರೂ ಮನ್ಯಾಗಿಲ್ಲ, ಏನಾತೋ ಅಂತ ಬಂದ್ವಿ," ಎಂದ ಬಸವರಾಜ.

"ಏನಿಲ್ಲ. ಸ್ವಲ್ಪ ತಲೆನೋವು. ಬಟ್ಟೆ ಕಟ್ಟಿದ್ದೀನಿ, ಅಷ್ಟೇ."

ಶಾಂತವ್ವ ನನ್ನ ತಲೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ನೋಡಲು ಸ್ವಲ್ಪ ಹೊತ್ತೇ ಹಿಡಿಯಿತು.

"ಅಯ್ಯ ನಮ್ಮವ್ವ! ಇಷ್ಟು ಬಾತೈತಲ್ರೀ ಸಾಹೇಬ್ರ!"

"ಬಾತಿಲ್ಲಮ್ಮ..."

"ಬಾತಿಲ್ಲಂತ! ಮೊಳ ಎತ್ತರ ಬಾತೈತಿ!" ಎನ್ನುತ್ತಾ ಆಕೆ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ತಾಯಿ ಮಗುವಿನ ಜ್ವರ ನೋಡುವಂತೆ ಟವೆಲಿನ ಮೇಲೆ ಕೈಯಿಟ್ಟಳು. ಕೈ ತಟ್ಟನೆ ಹಿಂದೆ ಹೋಯಿತು. "ತಣ್ಣಗ ಆಗೈತ್ರಿ! ಕಲ್ಲಾಗೈತಿ! ಏನು ನಿಂತು ನೋಡ್ತೀರಿ, ಆಟೋ ತರ್ರಿ ಲಗೂನ!"

ಬಸವರಾಜ ಆಟೋಗೆ ಓಡಲು ತಿರುಗಿದ. ನಾನು "ಬೇಡ!" ಎಂದು ಅವನ ತೋಳು ಹಿಡಿದು ಎಳೆದೆ. ಎಳೆದ ರಭಸಕ್ಕೆ ಟವೆಲು ಬಿತ್ತು.

ಟ್ಯೂಬ್ ಲೈಟಿನ ಬೆಳಕಿಗೆ ನನ್ನ ಮಾಣಿಕ್ಯಗಳು ಥಳಥಳಿಸಿದವು. ನಾನು ಶಾಲು ಹೊದ್ದುಕೊಂಡೇ ಇದ್ದೆ ಎನ್ನುವುದು ಆಗ ನೆನಪಾಯಿತು.

ಬಸವರಾಜ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಅವನು ನನ್ನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಕೆಲಸಗಾರನ ಕಣ್ಣಲ್ಲಿ ನೋಡಿದ.

"ಅಂಚು ಭಾರಿ ಮಡಚೀರಿ ಸರ. ಪ್ಲೇಟಿಂಗೂ ಚಲೋ ಬಂದೈತಿ." ಹಿಂದೆ ಹೋದ. "ಓಹೋ, ಹೋಸ್ ಕ್ಲಾಂಪ್! ಗಾಡಿ ಸವದು ಹೋಗೇತ್ರಿ."

"ಗೊತ್ತು."

"ಟೈಟ್ ಮಾಡೋವಾಗ ಕಣ್ಣಿಟ್ಟು ನೋಡ್ಬೇಕ್ರಿ ಸರ. ನೀವ ಹೇಳ್ತಿದ್ರಿ."

"ಗೊತ್ತು ಕಣೋ!"

ಶಾಂತವ್ವ ಅಲ್ಲಿಯವರೆಗೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದವಳು ಈಗ ಸೆರಗು ತೆಗೆದು ಮೆಲ್ಲಗೆ ಕೇಳಿದಳು. "ಸಾಹೇಬ್ರ, ಈ ತಗಡು ಯಾರದ್ರಿ?"

"ಅದು... ಸ್ಕ್ರ್ಯಾಪು."

"ನಮ್ಮ ಹಂಚೂ ಸ್ಕ್ರ್ಯಾಪ ಇತ್ರಿ."

ಅರ್ಧ ಗಂಟೆಯ ನನ್ನ ಪಾಠಕ್ಕೆ ಆಕೆ ನಾಲ್ಕು ಮಾತಿನಲ್ಲಿ ಉತ್ತರ ಕೊಟ್ಟಳು. ತಲೆ ತಗ್ಗಿಸೋಣವೆಂದರೆ ಭಾರಕ್ಕೆ ಕತ್ತು ಮುಂದಕ್ಕೆ ಜೋಲುತ್ತಿತ್ತು. ಹಾಗಾಗಿ ನೆಟ್ಟಗೆ ನಿಂತುಕೊಂಡೇ ಹೇಳಿದೆ. "ತಪ್ಪಾಯ್ತಮ್ಮ. ನಾಳೆ ನಿಮ್ಮ ಹಂಚು ನಿಮ್ಮ ಮನೆಗೆ ಬರುತ್ತೆ. ಈಗ ಮೊದಲು ಇದನ್ನ ತೆಗೀರಿ."

ಬಸವರಾಜ ತನ್ನ ಕೋಣೆಯಿಂದ ತಗಡು ಕತ್ತರಿ ತಂದ. ಗೋಪುರಗಳ ನಡುವಿನಿಂದ ಕತ್ತರಿಸುತ್ತಾ ಬಂದು, ಕೊನೆಗೆ ಹಿಂದಿನ ಪಟ್ಟಿಗೆ ಕತ್ತರಿಯ ಬಾಯಿ ಹಾಕಿದ. ಪಟ್ಟಿಗೂ ತಲೆಗೂ ಮಧ್ಯೆ ಕತ್ತರಿ ತೂರಲು ಜಾಗವಿರಲಿಲ್ಲ. ಜಾಗ ಮಾಡಬೇಕಾದರೆ ಕೂದಲು ಹೋಗಬೇಕಿತ್ತು. ಹೋಯಿತು. ಅಂಗೈ ಅಗಲ. ಶಾಂತವ್ವ ನನ್ನ ಎರಡೂ ಕಿವಿ ಹಿಡಿದುಕೊಂಡು "ಅಲುಗಬ್ಯಾಡ್ರಿ, ಅಲುಗಬ್ಯಾಡ್ರಿ" ಎನ್ನುತ್ತಿದ್ದಳು. 'ಟಕ್' ಎಂದು ಪಟ್ಟಿ ಸಿಡಿದು, ನನ್ನ ಸಾಮ್ರಾಜ್ಯ ಎರಡು ಹೋಳಾಗಿ ಖಾರಾಬೂಂದಿಯ ತಟ್ಟೆಯಲ್ಲಿ ಬಿತ್ತು.

"ಬಸವರಾಜ, ಈ ವಿಷಯ ಯಾರಿಗೂ..."

"ಯಾರ ಮುಂದೂ ಹೇಳಂಗಿಲ್ರಿ ಸರ."

ಬೆಳಿಗ್ಗೆ ಕನ್ನಡಿ ನೋಡಿಕೊಂಡೆ. ಹಣೆಯ ಸುತ್ತ, ಸ್ಕೇಲಿಟ್ಟು ಗೆರೆ ಎಳೆದಂತೆ, ಕೆಂಪು ಪಟ್ಟಿ. ಕುಂಕುಮವೆನ್ನಲು ಅಗಲ ಜಾಸ್ತಿ, ಗಾಯವೆನ್ನಲು ನೇರ ಜಾಸ್ತಿ. ಕಾರ್ಖಾನೆಗೆ ಬೇಗ ಹೋಗಿ, ಸ್ಟೋರಿನಿಂದ ಹಂಚು ತೆಗೆದು ಬಸವರಾಜನ ಕೈಗೆ ಕೊಟ್ಟೆ. ಎಂಟೂವರೆಗೆ ಎಂದಿನಂತೆ ಎಲ್ಲರ ಮುಂದೆ ಹೋಗಿ ನಿಂತೆ, ಬೆನ್ನ ಹಿಂದೆ ಗೋಡೆ ಇರುವಂತೆ ನೋಡಿಕೊಂಡು.

ಮ್ಯಾನೇಜರ್ ಬಂದರು. ಕೆಲಸದ ಜಾಗದಲ್ಲಿ ಹೆಲ್ಮೆಟ್ ಹಾಕಿ ಎಂದು ಆರು ತಿಂಗಳಿಂದ ಗಂಟಲು ಹರಿದುಕೊಳ್ಳುತ್ತಿದ್ದವರು ಅವರು. ಮಾತು ಶುರುಮಾಡಿ, ನನ್ನ ಕಡೆ ತಿರುಗಿ, ನನ್ನ ಹಣೆ ನೋಡಿ ಗಕ್ಕನೆ ನಿಂತರು. ಮುಗಿಯಿತು ಎಂದುಕೊಂಡೆ.

"ಎಲ್ಲ ನೋಡ್ರಪ್ಪ ಇಲ್ಲಿ!" ಎಂದರು. "ಹೆಲ್ಮೆಟ್ಟಿನ ಗುರುತು! ಎಲ್ಲರಿಗಿಂತ ಮುಂಚೆ ಬಂದು, ಹಣೆ ಕೆಂಪಾಗೋವರೆಗೆ ಹಾಕ್ಕೊಂಡಿದ್ದಾರೆ ಈ ಮನುಷ್ಯ. ಸೂಪರ್ವೈಸರ್ ಅಂದ್ರೆ ಹೀಗಿರ್ಬೇಕು! ಇವತ್ತಿಂದ ಸೇಫ್ಟಿ ಜವಾಬ್ದಾರಿ ಇವರದೇ."

ನನ್ನ ಹೆಲ್ಮೆಟ್ಟಿನಲ್ಲಿ ನಾನು ಆರು ತಿಂಗಳಿಂದ ವೆಲ್ಡಿಂಗ್ ರಾಡಿನ ತುಂಡುಗಳನ್ನು ತುಂಬಿಟ್ಟಿದ್ದೆ. ನಿಜ ಹೇಳೋಣವೆಂದು ಬಾಯಿ ತೆರೆದೆ. ಆದರೆ ಸೇಫ್ಟಿಗಿಂತ ಮರ್ಯಾದೆ ದೊಡ್ಡದೆಂದು ತೋರಿ, ಮತ್ತೆ ಮುಚ್ಚಿದೆ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಬಸವರಾಜ.

ವಿನಯದಿಂದ ತಲೆ ಬಾಗಿಸಬೇಕಾದ ಹೊತ್ತು ಅದು. ಬಾಗಿಸಿದರೆ ಹಿಂದಿನ ಬೋಳು ನೂರು ಜನಕ್ಕೂ ಕಾಣುತ್ತಿತ್ತು. ಹಾಗಾಗಿ ಎದೆ ಸೆಟೆಸಿ, ಗಲ್ಲ ಮೇಲೆತ್ತಿ, ಗೋಡೆಗೆ ತಲೆ ಒತ್ತಿಕೊಂಡು, ಒಂದಿಷ್ಟೂ ಅಲುಗದೆ ನಿಂತೆ.

"ಏನು ಗತ್ತು ನೋಡ್ರೀ! ಥೇಟ್ ಮಹಾರಾಜ," ಎಂದರು ಮ್ಯಾನೇಜರ್.